ರಂಗದ ಮೇಲೆ, ತರಗತಿಯ ಒಳಗೆ: ಧ್ವನಿ ತರಬೇತಿಯ ಭೌತವಿಜ್ಞಾನ

ಓದುವುದನ್ನು ಒಂದು ನಿಮಿಷ ನಿಲ್ಲಿಸಿ ಸಣ್ಣದೊಂದು ಪ್ರಯೋಗ ಮಾಡಿ. ಕತ್ತಿನ ಮುಂಭಾಗದಲ್ಲಿ, ಗಂಟಲಿನ ಉಬ್ಬಿನ ಮೇಲೆ ಎರಡು ಬೆರಳುಗಳನ್ನು ಹಗುರವಾಗಿ ಇಡಿ. ಮೊದಲು 'ಸ್‌ಸ್‌ಸ್' ಎಂದು ಉಸಿರು ಬಿಡಿ. ಬೆರಳಿಗೆ ಏನೂ ತಿಳಿಯುವುದಿಲ್ಲ. ಈಗ 'ಆ' ಎನ್ನಿ. ಬೆರಳಿನ ಕೆಳಗೆ ನವಿರಾದ ಕಂಪನ ಶುರುವಾಗುತ್ತದೆ. ದನಿಯನ್ನು ನಿಲ್ಲಿಸದೆ, ಏರಿಸದೆ, ಇಳಿಸದೆ 'ಆ'ದಿಂದ 'ಈ'ಗೆ, 'ಈ'ಯಿಂದ 'ಊ'ಗೆ ಜಾರಿ. ಬೆರಳಿಗೆ ತಿಳಿಯುವ ಕಂಪನ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಕಿವಿಗೆ ಮಾತ್ರ ಮೂರು ಬೇರೆ ಬೇರೆ ಸ್ವರಗಳು ಕೇಳಿಸುತ್ತವೆ. ಹಾಗಾದರೆ ಬದಲಾದದ್ದು ಎಲ್ಲಿ?

ಈ ಪ್ರಶ್ನೆಗೆ ಉತ್ತರ ಹುಡುಕುವುದನ್ನೇ ವೃತ್ತಿಯಾಗಿಸಿಕೊಂಡವರು ಇದ್ದಾರೆ. ಅವರು ಧ್ವನಿ ಮತ್ತು ಆಡುನುಡಿಯ ತರಬೇತುದಾರರು. ನಾಟಕದ ನಟನ ಮಾತು ಕೊನೆಯ ಸಾಲಿನವರೆಗೆ ತಲುಪುವಂತೆ ಮಾಡುವುದು, ಮೈಸೂರಿನ ನಟನ ಬಾಯಲ್ಲಿ ಧಾರವಾಡದ ಮಾತು ಸಹಜವಾಗಿ ಬರುವಂತೆ ಮಾಡುವುದು, ದಿನಕ್ಕೆ ನಾಲ್ಕೈದು ತರಗತಿ ತೆಗೆದುಕೊಳ್ಳುವ ಶಿಕ್ಷಕಿಯ ಗಂಟಲು ಕೆಡದಂತೆ ನೋಡಿಕೊಳ್ಳುವುದು ಅವರ ಕೆಲಸ. ಮೇಲ್ನೋಟಕ್ಕೆ ಇದು ಕಲೆಗೆ ಸೇರಿದ ವಿಷಯ. ಒಳಹೊಕ್ಕು ನೋಡಿದರೆ ಇದರ ತುಂಬ ಭೌತವಿಜ್ಞಾನವಿದೆ.

ಕನ್ನಡಿ ಹಿಡಿದ ಸಂಗೀತದ ಮೇಷ್ಟ್ರು

ಮಾತನಾಡುವ ಮನುಷ್ಯನ ಗಂಟಲೊಳಗೆ ಏನು ನಡೆಯುತ್ತದೆ ಎಂಬುದನ್ನು ಚೆನ್ನಾಗಿ ನೋಡಿ ವಿವರಿಸಿದ ಕೀರ್ತಿ ಒಬ್ಬ ಗಾಯನ ಶಿಕ್ಷಕನಿಗೆ ಸೇರಿದೆ. ಸ್ಪೇನ್ ಮೂಲದ ಮ್ಯಾನ್ಯುಯೆಲ್ ಗಾರ್ಸಿಯಾ 1854ರಲ್ಲಿ ದಂತವೈದ್ಯರು ಬಳಸುವ ಪುಟ್ಟ ಕನ್ನಡಿಯನ್ನು ತನ್ನದೇ ಗಂಟಲ ಹಿಂಭಾಗದಲ್ಲಿ ಹಿಡಿದು, ಇನ್ನೊಂದು ಕನ್ನಡಿಯಿಂದ ಸೂರ್ಯನ ಬೆಳಕನ್ನು ಅದರ ಮೇಲೆ ಹಾಯಿಸಿ, ಹಾಡುವಾಗ ತನ್ನ ಧ್ವನಿತಂತುಗಳು ಸೇರುವುದನ್ನು, ಬಿಡಿಸಿಕೊಳ್ಳುವುದನ್ನು ಕಂಡನು. ಮರುವರ್ಷ ಆತನ ವರದಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಬಂದಿತು. ಇಂದು ಕಿವಿ, ಮೂಗು, ಗಂಟಲಿನ ವೈದ್ಯರು ಮಾಡುವ ಧ್ವನಿಪೆಟ್ಟಿಗೆಯ ಪರೀಕ್ಷೆಯ ಹಿಂದೆ ಈ ಸಂಗೀತದ ಮೇಷ್ಟ್ರ ಕುತೂಹಲವಿದೆ.

ಧ್ವನಿ ತರಬೇತಿ ಒಂದು ಕ್ರಮಬದ್ಧ ವಿದ್ಯೆಯಾಗಿ ಬೆಳೆದದ್ದು ಇಂಗ್ಲೆಂಡಿನಲ್ಲಿ. 1906ರಲ್ಲಿ ಎಲ್ಸಿ ಫೋಗರ್ಟಿ ಎಂಬಾಕೆ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮಾತು ಮತ್ತು ನಾಟಕವನ್ನು ಕಲಿಸುವ ಶಾಲೆಯೊಂದನ್ನು ತೆರೆದರು. ಅಲ್ಲಿ ಕಲಿತ ಸಿಸಿಲಿ ಬೆರ್ರಿ 1970ರ ಸುಮಾರಿಗೆ ರಾಯಲ್ ಶೇಕ್ಸ್‌ಪಿಯರ್ ಕಂಪನಿಯ ಧ್ವನಿ ನಿರ್ದೇಶಕಿಯಾದರು. ನಾಟಕಕ್ಕೆ ಬೆಳಕಿನವರು, ಪ್ರಸಾಧನದವರು ಇರುವಂತೆ ಧ್ವನಿಗೂ ಒಬ್ಬರು ಬೇಕು ಎಂಬ ಪದ್ಧತಿ ಆಮೇಲೆ ಹರಡಿತು. ಬೆರ್ರಿಯವರ ಪುಸ್ತಕ 1973ರಲ್ಲಿ, ಕ್ರಿಸ್ಟಿನ್ ಲಿಂಕ್‌ಲೇಟರ್ ಅವರದು 1976ರಲ್ಲಿ ಬಂದವು. ಇಂದಿಗೂ ನಾಟಕ ಶಾಲೆಗಳಲ್ಲಿ ಅವು ಬಳಕೆಯಲ್ಲಿವೆ.

ಮೂಲ ಮತ್ತು ಸೋಸುಕ

ಈಗ ನಮ್ಮ ಮೊದಲಿನ ಪ್ರಶ್ನೆಗೆ ಬರೋಣ. ಶ್ವಾಸಕೋಶದಿಂದ ಬರುವ ಗಾಳಿ ಧ್ವನಿಪೆಟ್ಟಿಗೆಯಲ್ಲಿರುವ ಎರಡು ಧ್ವನಿತಂತುಗಳ ನಡುವೆ ನುಗ್ಗುತ್ತದೆ. 'ತಂತು' ಎಂಬ ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ಅವು ವೀಣೆಯ ತಂತಿಯ ಹಾಗೆ ಇಲ್ಲ. ಸ್ನಾಯುವಿನ ಮೇಲೆ ಮೆತ್ತನೆಯ ಪೊರೆ ಹೊದಿಸಿದ ಎರಡು ಮಡಿಕೆಗಳು. ಗಂಡಸರಲ್ಲಿ ಅವುಗಳ ಉದ್ದ ಸುಮಾರು 17ರಿಂದ 25 ಮಿಲಿಮೀಟರ್, ಹೆಂಗಸರಲ್ಲಿ ಸುಮಾರು 12ರಿಂದ 17 ಮಿಲಿಮೀಟರ್. ಗಾಳಿಯ ಒತ್ತಡ ಅವುಗಳನ್ನು ಬಿಡಿಸುತ್ತದೆ. ಅವುಗಳ ಸ್ಥಿತಿಸ್ಥಾಪಕತೆ ಮತ್ತು ಹರಿಯುವ ಗಾಳಿಯ ಒತ್ತಡದಲ್ಲಾಗುವ ಇಳಿತ ಸೇರಿ ಮತ್ತೆ ಮುಚ್ಚುತ್ತವೆ. ಗಂಡು ದನಿಯಲ್ಲಿ ಇದು ಸೆಕೆಂಡಿಗೆ ಸುಮಾರು 120 ಸಲ, ಹೆಣ್ಣು ದನಿಯಲ್ಲಿ ಸುಮಾರು 200 ಸಲ ನಡೆಯುತ್ತದೆ. ಸಾಮಾನ್ಯ ಮಾತಿಗೆ ಬೇಕಾದ ಒತ್ತಡ 6ರಿಂದ 10 ಸೆಂಟಿಮೀಟರ್ ನೀರಿನ ಸ್ತಂಭದಷ್ಟು. ಅಂದರೆ ವಾಯುಮಂಡಲದ ಒತ್ತಡದ ನೂರರಲ್ಲಿ ಒಂದು ಪಾಲೂ ಇಲ್ಲ.

ಹೀಗೆ ಹುಟ್ಟಿದ ಸದ್ದನ್ನು ನೇರವಾಗಿ ಕೇಳಿದರೆ ಅದು ಬರಿಯ ಗುಂಯ್‌ಗುಡುವಿಕೆ. ಅದರಲ್ಲಿ ಮೂಲ ಆವೃತ್ತಿಯ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಆವೃತ್ತಿಯ ಸಂಗತ ಸ್ವರಗಳೂ ಇರುತ್ತವೆ. ಈ ಮಿಶ್ರಣ ಗಂಟಲು ಮತ್ತು ಬಾಯಿಯ ಮೂಲಕ ಹೊರಬರಬೇಕು. ಧ್ವನಿತಂತುಗಳಿಂದ ತುಟಿಯವರೆಗೆ ಇರುವುದು ಒಂದು ಕೊಳವೆ. ಒಂದು ತುದಿ ಹೆಚ್ಚುಕಡಿಮೆ ಮುಚ್ಚಿದೆ, ಇನ್ನೊಂದು ತೆರೆದಿದೆ. ಪಿಯುಸಿಯಲ್ಲಿ ಓದಿದ ಅನುರಣನ ಕೊಳವೆಯ ಸೂತ್ರವನ್ನು ನೆನಪಿಸಿಕೊಳ್ಳಿ. ಕೊಳವೆಯ ಉದ್ದ 17.5 ಸೆಂಟಿಮೀಟರ್, ಬೆಚ್ಚಗಿನ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 350 ಮೀಟರ್ ಎಂದಿಟ್ಟುಕೊಂಡರೆ ಮೊದಲ ಅನುರಣನೆ 350 ÷ (4 × 0.175), ಅಂದರೆ 500 ಹರ್ಟ್ಸ್. ಮುಂದಿನವು 1500 ಮತ್ತು 2500 ಹರ್ಟ್ಸ್. ಈ ಆವೃತ್ತಿಗಳ ಬಳಿ ಇರುವ ಸಂಗತ ಸ್ವರಗಳು ಬಲಗೊಳ್ಳುತ್ತವೆ, ಉಳಿದವು ಕುಗ್ಗುತ್ತವೆ. ಬಾಯಿಯ ಈ ಅನುರಣನೆಗಳಿಗೆ ಫಾರ್ಮೆಂಟ್‌ಗಳು ಎಂದು ಹೆಸರು.

ಬಾಯಿ ಒಂದೇ ಅಗಲದ ಕೊಳವೆಯಲ್ಲ. ನಾಲಿಗೆ, ದವಡೆ, ತುಟಿಗಳು ಅದರ ಆಕಾರವನ್ನು ಕ್ಷಣಕ್ಷಣಕ್ಕೂ ಬದಲಾಯಿಸುತ್ತವೆ. ಅದರೊಂದಿಗೆ ಫಾರ್ಮೆಂಟ್‌ಗಳೂ ಸರಿದಾಡುತ್ತವೆ. ಸ್ಥೂಲವಾಗಿ ಎರಡು ನಿಯಮಗಳು ಸಾಕು. ನಾಲಿಗೆ ಮೇಲೇರಿದಷ್ಟೂ ಮೊದಲ ಫಾರ್ಮೆಂಟ್ ಇಳಿಯುತ್ತದೆ. ನಾಲಿಗೆ ಮುಂದಕ್ಕೆ ಬಂದಷ್ಟೂ ಎರಡನೆಯದು ಏರುತ್ತದೆ. 1952ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಪೀಟರ್ಸನ್ ಮತ್ತು ಬಾರ್ನಿ 76 ಜನರ ದನಿಯನ್ನು ಅಳೆದು ಪ್ರಕಟಿಸಿದರು. ಗಂಡಸರ ಸರಾಸರಿ ಹೀಗಿತ್ತು: 'ಈ'ಗೆ ಮೊದಲೆರಡು ಫಾರ್ಮೆಂಟ್‌ಗಳು 270 ಮತ್ತು 2290 ಹರ್ಟ್ಸ್, 'ಆ'ಗೆ 730 ಮತ್ತು 1090, 'ಊ'ಗೆ 300 ಮತ್ತು 870. ಅವರು ಅಳೆದದ್ದು ಇಂಗ್ಲಿಷ್ ಸ್ವರಗಳನ್ನು. ಕನ್ನಡದ ಈ, ಆ, ಊಗಳ ಚಿತ್ರವೂ ಸ್ಥೂಲವಾಗಿ ಇದೇ. ನಿಮ್ಮ ಬೆರಳಿಗೆ ತಿಳಿಯದ ಬದಲಾವಣೆ ಆದದ್ದು ಇಲ್ಲಿ, ಬಾಯಿಯೆಂಬ ಸೋಸುಕದಲ್ಲಿ. ಈ ಸಿದ್ಧಾಂತಕ್ಕೆ ಗಣಿತದ ಅಡಿಪಾಯ ಹಾಕಿದ ಗ್ರಂಥಗಳಲ್ಲಿ ಮುಖ್ಯವಾದುದು ಸ್ವೀಡನ್ನಿನ ಗುನ್ನಾರ್ ಫಾಂಟ್ ಅವರದು. ಅದು ಪ್ರಕಟವಾದದ್ದು 1960ರಲ್ಲಿ.

ಮಾತಿನ ನಕ್ಷೆ ನಮ್ಮ ವರ್ಣಮಾಲೆಯಲ್ಲೇ ಇದೆ

ಯೂರೋಪಿನ ಧ್ವನಿವಿಜ್ಞಾನಿಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಎಲ್ಲ ಭಾಷೆಗಳ ಉಚ್ಚಾರವನ್ನೂ ಬರೆದಿಡಬಲ್ಲ ಲಿಪಿಯೊಂದನ್ನು ರೂಪಿಸಿದರು. ಆಡುನುಡಿಯ ತರಬೇತುದಾರನಿಗೆ ಇದು ಮುಖ್ಯ ಸಲಕರಣೆ. ಕನ್ನಡ ಓದುಗರಿಗೆ ಅದರ ಹಿಂದಿನ ವಿಚಾರ ಹೊಸದಲ್ಲ. ಕ, ಚ, ಟ, ತ, ಪ ಎಂದು ನಿಧಾನವಾಗಿ ಹೇಳಿ ನೋಡಿ. ನಾಲಿಗೆ ತಾಗುವ ಜಾಗ ಗಂಟಲ ಬಳಿಯಿಂದ ಒಂದೊಂದೇ ಹೆಜ್ಜೆ ಮುಂದೆ ಬರುತ್ತಾ ಕೊನೆಗೆ ತುಟಿಗಳನ್ನು ಸೇರುತ್ತದೆ. ಒಂದನೆಯ ತರಗತಿಯಲ್ಲಿ ನಾವು ಬಾಯಿಪಾಠ ಮಾಡಿದ್ದು ಬಾಯಿಯ ಭೂಪಟವನ್ನೇ.

ಈ ನಕ್ಷೆಯನ್ನು ಹಿಡಿದು ನಮ್ಮ ಆಡುನುಡಿಗಳನ್ನು ನೋಡೋಣ. ಬರಹದ 'ಮನೆ' ಧಾರವಾಡದ ಕಡೆ 'ಮನಿ' ಆಗುತ್ತದೆ. ಕೊನೆಯ ಸ್ವರದಲ್ಲಿ ನಾಲಿಗೆ ಸ್ವಲ್ಪ ಮೇಲೇರಿತು, ಮೊದಲ ಫಾರ್ಮೆಂಟ್ ಇಳಿಯಿತು, ಅಷ್ಟೆ. 'ಬೇಡ' ಹಲವು ಹಳ್ಳಿಗಳಲ್ಲಿ 'ಬ್ಯಾಡ' ಆಗುತ್ತದೆ. ಇಲ್ಲಿ ದವಡೆ ಇಳಿಯಿತು, ಮೊದಲ ಫಾರ್ಮೆಂಟ್ ಏರಿತು. 'ಹಲ್ಲಿ' ಮತ್ತು 'ಹಳ್ಳಿ' ಎರಡನ್ನೂ ಹೇಳಿ ನೋಡಿ. 'ಳ'ಗೆ ನಾಲಿಗೆಯ ತುದಿ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಆಗ ಮೂರನೆಯ ಫಾರ್ಮೆಂಟ್ ಕೆಳಗೆ ಬರುತ್ತದೆ. ನಮ್ಮ ಕಿವಿ ಆ ಇಳಿತವನ್ನು ಹಿಡಿದು ಗೋಡೆಯ ಮೇಲಿನ ಪ್ರಾಣಿಯನ್ನೂ ಊರನ್ನೂ ಬೇರೆ ಮಾಡುತ್ತದೆ.

ತರಬೇತುದಾರ ಕೆಲಸ ಮಾಡುವ ಕ್ರಮವೂ ಇದನ್ನೇ ಅನುಸರಿಸುತ್ತದೆ. ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ' ನಾಟಕವನ್ನು ದಕ್ಷಿಣದ ನಟರು ಆಡಬೇಕು ಎಂದುಕೊಳ್ಳಿ. ಮೊದಲು ಆ ಕಡೆಯ ಜನರ ಮಾತನ್ನು, ಒಬ್ಬರದಲ್ಲ, ಹಲವರದು, ಧ್ವನಿಮುದ್ರಿಸಿ ಕೇಳಬೇಕು. ಎರಡನೆಯದಾಗಿ ಬಾಯಿಯ ನೆಲೆಯನ್ನು ಗುರುತಿಸಬೇಕು: ಮಾತಿನ ನಡುವೆ ನಾಲಿಗೆ ಎಲ್ಲಿ ತಂಗುತ್ತದೆ, ದವಡೆ ಎಷ್ಟು ಸಡಿಲ, ತುಟಿ ಎಷ್ಟು ದುಂಡಗಾಗುತ್ತದೆ. ಮೂರನೆಯದಾಗಿ ಬದಲಾಗುವ ಸ್ವರ ವ್ಯಂಜನಗಳ ಪಟ್ಟಿ. ಕೊನೆಯದಾಗಿ ಮಾತಿನ ಏರಿಳಿತ ಮತ್ತು ಲಯ. ಪದಗಳನ್ನು ಮಾತ್ರ ಬದಲಿಸಿ 'ಏನ್ರೀ, ಹೌದ್ರೀ' ಎಂದು ಅಲ್ಲಲ್ಲಿ ಸಿಕ್ಕಿಸುವ ನಟನ ಮಾತು ಧಾರವಾಡದ ಪ್ರೇಕ್ಷಕರಿಗೆ ನಗೆ ತರಿಸುವುದು ಈ ಕೊನೆಯ ಹಂತವನ್ನು ಬಿಟ್ಟುಬಿಟ್ಟಾಗ. ಇಂಗ್ಲಿಷಿನ ಆಡುನುಡಿಗಳಿಗಾಗಿ ಪಾಲ್ ಮೇಯರ್ ಎಂಬ ತರಬೇತುದಾರ 1998ರಲ್ಲಿ ಧ್ವನಿಮುದ್ರಿಕೆಗಳ ಒಂದು ಸಂಗ್ರಹವನ್ನು ಆರಂಭಿಸಿದರು. ನಟರು ಅದನ್ನು ಪಾಠದಂತೆ ಬಳಸುತ್ತಾರೆ. ಕನ್ನಡದ ಆಡುನುಡಿಗಳಿಗೂ ಇಂಥ ಕೆಲಸವನ್ನು ಒಂದು ಮೊಬೈಲ್ ಫೋನಿನಿಂದಲೇ ಕಾಲೇಜಿನ ವಿದ್ಯಾರ್ಥಿಗಳು ಆರಂಭಿಸಬಹುದು.

ಒಂದು 'ಹ'ಕಾರದ ಕಥೆ

ಆಡುನುಡಿಯ ಪಾಠವನ್ನು ಜಗತ್ತಿಗೆ ಪರಿಚಯಿಸಿದ್ದು ಬರ್ನಾರ್ಡ್ ಷಾ ಅವರ 'ಪಿಗ್ಮೇಲಿಯನ್' ನಾಟಕ. 1913ರಲ್ಲಿ ವಿಯೆನ್ನಾದಲ್ಲಿ ಮೊದಲು ರಂಗಕ್ಕೆ ಬಂದ ಇದರಲ್ಲಿ ಧ್ವನಿವಿಜ್ಞಾನದ ಪ್ರಾಧ್ಯಾಪಕನೊಬ್ಬ ಹೂ ಮಾರುವ ಹುಡುಗಿಗೆ ಶ್ರೀಮಂತರ ಮಾತನ್ನು ಕಲಿಸುತ್ತಾನೆ. ಲಂಡನ್ನಿನ ಬಡವರ ಮಾತಿನಲ್ಲಿ 'ಹ'ಕಾರ ಬಿದ್ದುಹೋಗುತ್ತದೆ. ಈ ಕಥೆಯಿಂದ ಹುಟ್ಟಿದ 1964ರ 'ಮೈ ಫೇರ್ ಲೇಡಿ' ಚಲನಚಿತ್ರದಲ್ಲಿ ಆ ಹುಡುಗಿ ಉರಿಯುವ ಜ್ವಾಲೆಯೊಂದರ ಮುಂದೆ ಕುಳಿತು 'ಹ'ವನ್ನು ಅಭ್ಯಾಸ ಮಾಡುವ ದೃಶ್ಯವಿದೆ. ಜ್ವಾಲೆ ಅಲುಗಾಡಿದರೆ 'ಹ' ಬಂದಿದೆ ಎಂದು ಅರ್ಥ. ಶಬ್ದವನ್ನು ಜ್ವಾಲೆಯಿಂದ ಕಾಣುವ ವಿಧಾನ ನಾಟಕದ ಕಲ್ಪನೆಯಲ್ಲ. 1862ರಲ್ಲಿ ರುಡಾಲ್ಫ್ ಕೋನಿಗ್ ಎಂಬ ಉಪಕರಣ ತಯಾರಕ ಗಾಳಿಯ ಕಂಪನಕ್ಕೆ ತಕ್ಕಂತೆ ನಡುಗುವ ಅನಿಲ ಜ್ವಾಲೆಯ ಸಾಧನವನ್ನು ರಚಿಸಿದ್ದನು. ನಿಮಗೆ ಜ್ವಾಲೆ ಬೇಕಿಲ್ಲ. ಅಂಗೈಯ ಹಿಂಭಾಗವನ್ನು ಬಾಯಿಯ ಹತ್ತಿರ ಹಿಡಿದು 'ಅಕ್ಕಿ', 'ಹಕ್ಕಿ' ಎನ್ನಿ. ಎರಡನೆಯದರಲ್ಲಿ ಮಾತ್ರ ಬೆಚ್ಚನೆಯ ಗಾಳಿ ತಟ್ಟುತ್ತದೆ.

ಈ 'ಹ'ಕಾರದ ವಿಷಯದಲ್ಲಿ ನನಗೊಂದು ಸಾಲವಿದೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಬಿ.ಎಸ್ಸಿ. ತರಗತಿಯಲ್ಲಿ ಚಾಮರಾಜನಗರದ ಕಡೆಯ ಹಳ್ಳಿಯಿಂದ ಬಂದ ವಿದ್ಯಾರ್ಥಿನಿಯೊಬ್ಬಳು ಪರಮಾಣು ರೋಹಿತದ ಬಗ್ಗೆ ಸೆಮಿನಾರ್ ಕೊಡುತ್ತಿದ್ದಳು. ಚೆನ್ನಾಗಿ ಓದಿಕೊಂಡು ಬಂದಿದ್ದಳು. 'ಐಡ್ರೋಜನ್' ಎಂದಾಗ ಹಿಂದಿನ ಬೆಂಚಿನವರು ನಕ್ಕರು. ನಾನು ನಗುವವರನ್ನು ಸುಮ್ಮನಿರಿಸುವ ಬದಲು ಅವಳ ಉಚ್ಚಾರವನ್ನು ತಿದ್ದಿದೆ. 'ಈಲಿಯಂ' ಎಂದಾಗ ಮತ್ತೊಮ್ಮೆ ತಿದ್ದಿದೆ. ಮೂರನೆಯ ಸಲ ತಿದ್ದಿದಾಗ ಅವಳು ಉಳಿದ ಎರಡು ಪುಟಗಳನ್ನು ಬಿಟ್ಟು 'ಇಷ್ಟೇ ಸಾರ್' ಎಂದು ಹೋಗಿ ಕುಳಿತಳು. ಆ ವರ್ಷ ಮುಗಿಯುವವರೆಗೂ ಅವಳು ತರಗತಿಯಲ್ಲಿ ಬಾಯಿ ಬಿಟ್ಟು ಪ್ರಶ್ನೆ ಕೇಳಲಿಲ್ಲ. ಹುಬ್ಬಳ್ಳಿಯ ಕಡೆಯವನಾದ ನಾನು ಮೈಸೂರಿಗೆ ಓದಲು ಬಂದಾಗ 'ಮನಿ' ಎಂದು ನಗಿಸಿಕೊಂಡವನೇ. ಅದು ಆ ಹೊತ್ತಿನಲ್ಲಿ ನೆನಪಿಗೆ ಬರಲಿಲ್ಲ.

ಅದೇ ವರ್ಷ ಕಾಲೇಜಿನ ನಾಟಕಕ್ಕೆ ತರಬೇತಿ ಕೊಡಲು ರಂಗಭೂಮಿಯವರೊಬ್ಬರು ಬಂದಿದ್ದರು. ಈ ಪ್ರಸಂಗವನ್ನು ಹೇಳಿ, ಉಚ್ಚಾರ ತಿದ್ದುವ ಉಪಾಯವೇನು ಎಂದು ಕೇಳಿದೆ. ಅವರು ಹೇಳಿದ್ದು ಇಷ್ಟು: "ತಿದ್ದಬೇಡಿ ಸರ್. ಅದು ಅವಳ ಮನೆಯ ಮಾತು. ಅದರ ಜೊತೆಗೆ ಇನ್ನೊಂದು ಮಾತು ಕೊಡಿ. ಯಾವುದನ್ನು ಎಲ್ಲಿ ಬಳಸಬೇಕು ಅಂತ ಅವಳೇ ನೋಡಿಕೊಳ್ತಾಳೆ."

ಆಮೇಲೆ ವಿಷಯವನ್ನು ನಾನು ಭೌತವಿಜ್ಞಾನದ ಕಡೆಯಿಂದಲೂ ನೋಡಿದೆ. ಕಕಾರ, ಪಕಾರಗಳಿಗೆ ಬಾಯಲ್ಲಿ ಒಂದು ತಡೆ ಇದೆ. ಆ ತಡೆ ಒಡೆದಾಗ ಸದ್ದು ಹುಟ್ಟುತ್ತದೆ. 'ಹ'ಕ್ಕೆ ಬಾಯಲ್ಲಿ ತಡೆಯೇ ಇಲ್ಲ. ಧ್ವನಿತಂತುಗಳ ನಡುವಿನಿಂದ ಹೊರಡುವ ಗಾಳಿಯ ಪ್ರಕ್ಷುಬ್ಧತೆ ಮಾತ್ರ ಅದರ ಸದ್ದು. ಅದರ ತೀವ್ರತೆ ಮುಂದೆ ಬರುವ ಸ್ವರಕ್ಕಿಂತ ತುಂಬ ಕಡಿಮೆ. ಇಂಥ ದುರ್ಬಲ ಧ್ವನಿ ಹಲವು ಭಾಷೆಗಳಲ್ಲಿ ಉದುರಿಹೋಗಿರುವುದರಲ್ಲಿ ಆಶ್ಚರ್ಯವಿಲ್ಲ. ನಮ್ಮ 'ಹಾಲು' ಹಳಗನ್ನಡದಲ್ಲಿ 'ಪಾಲ್' ಆಗಿತ್ತು, 'ಹುಲಿ' 'ಪುಲಿ' ಆಗಿತ್ತು. ತುಟಿಯ ತಡೆ ಸಡಿಲವಾಗಿ 'ಪ' 'ಹ' ಆಯಿತು. ಆ 'ಹ' ಕೂಡ ಸಡಿಲವಾದರೆ 'ಆಲು'. ಪಂಡಿತರು ಶುದ್ಧವೆಂದು ಹೇಳುವ 'ಹಾಲು' ಇದೇ ಪ್ರಯಾಣದ ನಡುವಿನ ನಿಲ್ದಾಣ. ಆ ವಿದ್ಯಾರ್ಥಿನಿಯ ಊರಿನವರು ಒಂದು ನಿಲ್ದಾಣ ಮುಂದೆ ಹೋಗಿದ್ದಾರೆ. ಇದನ್ನು ಸೋಮಾರಿ ನಾಲಿಗೆ ಎನ್ನಲು ವಿಜ್ಞಾನದಲ್ಲಿ ಆಧಾರವಿಲ್ಲ.

ಹಾಗೆಂದು ಶಿಷ್ಟ ಉಚ್ಚಾರವನ್ನು ಕಲಿಸುವುದೇ ಬೇಡ ಎಂದಲ್ಲ. ಸಂದರ್ಶನದಲ್ಲಿ, ಆಕಾಶವಾಣಿಯಲ್ಲಿ, ತರಗತಿಯಲ್ಲಿ ಅದು ಬೇಕಾಗುತ್ತದೆ. ಅಂಗೈಯ ಪ್ರಯೋಗದಿಂದ ಆಟದಂತೆ ಕಲಿಸಬಹುದು. ಕಲಿಯುವವರಿಗೆ ತಮ್ಮ ಮಾತಿನ ಬಗ್ಗೆ ನಾಚಿಕೆ ಹುಟ್ಟಿಸಿದರೆ ಮಾತ್ರ 'ಅಕ್ಕಿ'ಯನ್ನೂ 'ಹಕ್ಕಿ' ಎನ್ನುವ ಹೊಸ ತೊಂದರೆ ಆರಂಭವಾಗುತ್ತದೆ. ಎಲ್ಲಿ 'ಹ' ಬೇಕು ಎಂಬ ಭಯದಲ್ಲಿ ಎಲ್ಲೆಲ್ಲೂ 'ಹ' ಬರುತ್ತದೆ.

ಕೊನೆಯ ಸಾಲಿನವರೆಗೆ

ಇನ್ನು ದನಿ ತಲುಪುವ ಪ್ರಶ್ನೆ. ಸಾಮಾನ್ಯ ಮಾತಿನ ಮಟ್ಟ ಒಂದು ಮೀಟರ್ ದೂರದಲ್ಲಿ ಸುಮಾರು 60 ಡೆಸಿಬೆಲ್. ಲೆಕ್ಕ ಹಾಕಿದರೆ ನಮ್ಮ ಬಾಯಿಂದ ಹೊರಡುವ ಶಬ್ದದ ಸಾಮರ್ಥ್ಯ ಬರಿಯ 10 ಮೈಕ್ರೋವಾಟ್‌ನಷ್ಟು. ಒಂದು ಕೋಟಿ ಜನ ಒಟ್ಟಿಗೆ ಮಾತನಾಡಿದರೂ ಒಂದು 100 ವಾಟ್ ಬಲ್ಬಿನಷ್ಟೇ ಸಾಮರ್ಥ್ಯ. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬೆಲ್ ಕಡಿಮೆಯಾಗುತ್ತದೆ. 8 ಮೀಟರ್ ದೂರದಲ್ಲಿ ಉಳಿಯುವುದು 42 ಡೆಸಿಬೆಲ್. ಇಷ್ಟು ಕಡಿಮೆ ಬಂಡವಾಳದಲ್ಲಿ ಧ್ವನಿವರ್ಧಕವಿಲ್ಲದ ಕಾಲದ ಕಂಪನಿ ನಾಟಕದ ನಟರು, ರಾತ್ರಿಯಿಡೀ ಬಯಲಿನಲ್ಲಿ ಆಡುವ ಯಕ್ಷಗಾನದವರು ಹೇಗೆ ಸಾಗಿಸಿದರು?

ಉತ್ತರದ ಒಂದು ಭಾಗ ನಮ್ಮ ಕಿವಿಯಲ್ಲಿದೆ. ಕಿವಿಯ ನಾಳ ಸುಮಾರು 2.5 ಸೆಂಟಿಮೀಟರ್ ಉದ್ದದ, ಒಂದು ತುದಿ ಮುಚ್ಚಿದ ಕೊಳವೆ. ಅದೇ ಸೂತ್ರವನ್ನು ಹಾಕಿ: ಅನುರಣನೆ 3400 ಹರ್ಟ್ಸ್‌ನ ಬಳಿ ಬರುತ್ತದೆ. ನಮ್ಮ ಕಿವಿ ಅತ್ಯಂತ ಸೂಕ್ಷ್ಮವಾಗಿರುವುದು ಈ ಆಸುಪಾಸಿನಲ್ಲಿ. ಸ್ವೀಡನ್ನಿನ ಯೋಹಾನ್ ಸುಂಡ್‌ಬರ್ಗ್ 1970ರ ದಶಕದಲ್ಲಿ ಪಾಶ್ಚಾತ್ಯ ಒಪೆರಾ ಗಾಯಕರ ದನಿಯನ್ನು ವಿಶ್ಲೇಷಿಸಿ, ಅವರು ಸುಮಾರು 3000 ಹರ್ಟ್ಸ್‌ನ ಬಳಿ ಹಲವು ಫಾರ್ಮೆಂಟ್‌ಗಳನ್ನು ಒಟ್ಟುಗೂಡಿಸಿ ಶಕ್ತಿಯ ಒಂದು ಶಿಖರವನ್ನು ನಿರ್ಮಿಸುತ್ತಾರೆ ಎಂದು ವಿವರಿಸಿದರು. ವಾದ್ಯವೃಂದದ ಶಕ್ತಿ ಹೆಚ್ಚಾಗಿರುವುದು 500 ಹರ್ಟ್ಸ್‌ನ ಬಳಿ. 3000ದ ಬಳಿ ಅದು ಬಹಳ ಕಡಿಮೆ. ಹೀಗಾಗಿ ಒಂದು ಕಂಠ ಇಡೀ ವಾದ್ಯವೃಂದವನ್ನು ದಾಟಿ ಕೇಳಿಸುತ್ತದೆ. ತರಬೇತಿ ಪಡೆದ ನಟರ ದನಿಯಲ್ಲೂ 3000ದಿಂದ 4000 ಹರ್ಟ್ಸ್‌ನ ನಡುವೆ ಇಂಥ ಬಲವನ್ನು ಕಂಡಿದ್ದಾರೆ. 'ದನಿಯನ್ನು ಮುಂದಕ್ಕೆ ತನ್ನಿ, ಮುಖದ ಮೂಳೆಗಳಲ್ಲಿ ಗುನುಗು ತಿಳಿಯಲಿ' ಎಂದು ಧ್ವನಿ ಶಿಕ್ಷಕರು ಹೇಳುತ್ತಾರೆ. ಮೂಳೆಗಳು ದನಿಯನ್ನು ಹೆಚ್ಚಿಸುವುದಿಲ್ಲ. ಆದರೆ ಆ ಅನುಭವ ಬಂದಾಗ ಗಂಟಲು ಮತ್ತು ಬಾಯಿ ಸರಿಯಾದ ಆಕಾರಕ್ಕೆ ಬಂದಿರುತ್ತವೆ. ಆದ್ದರಿಂದ ವಿವರಣೆ ನಿಖರವಲ್ಲದಿದ್ದರೂ ಸೂಚನೆ ಉಪಯುಕ್ತ. 2010ರಲ್ಲಿ ಮೈಸೂರಿನ ರಂಗಾಯಣ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಸುಮಾರು ಒಂಬತ್ತು ಗಂಟೆಗಳ ಕಾಲ ರಾತ್ರಿಯಿಡೀ ರಂಗಕ್ಕೆ ತಂದಿತು. ಅಂಥ ಪ್ರಯೋಗದಲ್ಲಿ ಧ್ವನಿಯ ಮಿತವ್ಯಯ ತಿಳಿಯದ ನಟ ಬೆಳಗಿನವರೆಗೆ ಉಳಿಯಲಾರ.

ತರಗತಿಯ ಗೋಡೆಗಳು

ನಟನಿಗಿಂತ ಹೆಚ್ಚು ಹೊತ್ತು, ಹೆಚ್ಚು ದಿನ, ತರಬೇತಿಯೇ ಇಲ್ಲದೆ ಮಾತನಾಡುವವರು ಶಿಕ್ಷಕರು. 200 ಹರ್ಟ್ಸ್ ದನಿಯ ಶಿಕ್ಷಕಿಯೊಬ್ಬರು 45 ನಿಮಿಷದ ತರಗತಿಯಲ್ಲಿ ಒಟ್ಟು 15 ನಿಮಿಷ ಧ್ವನಿತಂತುಗಳನ್ನು ಕಂಪಿಸಿದರು ಎಂದಿಟ್ಟುಕೊಳ್ಳಿ. 900 ಸೆಕೆಂಡುಗಳಲ್ಲಿ 1,80,000 ಸಲ ಆ ಮಡಿಕೆಗಳು ಒಂದಕ್ಕೊಂದು ತಾಗುತ್ತವೆ. ನಾಲ್ಕು ತರಗತಿಗೆ 7,20,000 ಸಲ. ಗಟ್ಟಿಯಾಗಿ ಮಾತನಾಡಿದಷ್ಟೂ ತಾಗುವ ರಭಸ ಹೆಚ್ಚು. ಅಮೆರಿಕದ ಅಯೋವಾ ಮತ್ತು ಯೂಟಾ ರಾಜ್ಯಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಶಿಕ್ಷಕರಲ್ಲಿ ಶೇಕಡ 11ರಷ್ಟು ಜನರಿಗೆ ಆ ಹೊತ್ತಿನಲ್ಲಿ ಧ್ವನಿಯ ತೊಂದರೆ ಇತ್ತು. ಶಿಕ್ಷಕರಲ್ಲದವರಲ್ಲಿ ಈ ಪ್ರಮಾಣ ಶೇಕಡ 6.2.

ತರಗತಿಯ ಕೋಣೆಯೂ ಇದಕ್ಕೆ ಹೊಣೆ. 10 ಮೀಟರ್ ಉದ್ದ, 8 ಮೀಟರ್ ಅಗಲ, 4 ಮೀಟರ್ ಎತ್ತರದ ಗಾರೆ ಗೋಡೆಯ ಕೋಣೆಯನ್ನು ತೆಗೆದುಕೊಳ್ಳಿ. ಗಾತ್ರ 320 ಘನ ಮೀಟರ್. ಗೋಡೆ, ನೆಲ, ಸೂರುಗಳ ಒಟ್ಟು ವಿಸ್ತೀರ್ಣ 304 ಚದರ ಮೀಟರ್. ಗಾರೆ ತನ್ನ ಮೇಲೆ ಬಿದ್ದ ಶಬ್ದದ ಶೇಕಡ 3ರಷ್ಟನ್ನು ಮಾತ್ರ ಹೀರುತ್ತದೆ ಎಂದುಕೊಂಡರೆ ಒಟ್ಟು ಹೀರಿಕೆ ಸುಮಾರು 9 ಚದರ ಮೀಟರ್ ತೆರೆದ ಕಿಟಕಿಗೆ ಸಮ. ಅಮೆರಿಕದ ವ್ಯಾಲೇಸ್ ಸಬೀನ್ 1895ರಲ್ಲಿ ಆರಂಭಿಸಿದ ಪ್ರಯೋಗಗಳಿಂದ ಕಂಡುಕೊಂಡ ಸೂತ್ರದಂತೆ, ಮಾರ್ದನಿಯ ಕಾಲ = 0.161 × ಗಾತ್ರ ÷ ಹೀರಿಕೆ. ಖಾಲಿ ಕೋಣೆಯಲ್ಲಿ ಇದು 5.7 ಸೆಕೆಂಡು ಬರುತ್ತದೆ. 60 ವಿದ್ಯಾರ್ಥಿಗಳು ಬಂದು ಕುಳಿತರೆ, ತಲೆಗೆ 0.4 ಚದರ ಮೀಟರ್ ಹೀರಿಕೆ ಎಂದು ಹಿಡಿದು, 1.6 ಸೆಕೆಂಡಿಗೆ ಇಳಿಯುತ್ತದೆ. 8 ಚದರ ಮೀಟರ್ ಕಿಟಕಿಗಳನ್ನು ತೆರೆದರೆ 1.25 ಸೆಕೆಂಡು. ಅಮೆರಿಕದಲ್ಲಿ 2002ರಲ್ಲಿ ಬಂದ ಮಾನಕ ಇದಕ್ಕಿಂತ ಚಿಕ್ಕ ತರಗತಿ ಕೋಣೆಗಳಿಗೆ ಹೇಳಿದ್ದು 0.6 ಸೆಕೆಂಡು.

ಇದರ ಪರಿಣಾಮವೇನು? 'ಪ್ರೋಟಾನ್' ಎಂಬ ಪದದ ಸ್ವರಗಳು ಸಾಯುವ ಮುನ್ನವೇ ಮುಂದಿನ ಪದ ಅವುಗಳ ಮೇಲೆ ಬೀಳುತ್ತದೆ. ದುರ್ಬಲವಾದ ವ್ಯಂಜನಗಳು ಮುಳುಗುತ್ತವೆ. ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ದನಿಯನ್ನು ಏರಿಸಿದರೆ ಮಾತಿನ ಜೊತೆಗೆ ಅದರ ಮಾರ್ದನಿಯೂ ಅಷ್ಟೇ ಏರುತ್ತದೆ. ಆದ್ದರಿಂದ ಮಾರ್ದನಿಯ ಕೋಣೆಯಲ್ಲಿ ಕೂಗುವುದರಿಂದ ಸ್ಪಷ್ಟತೆ ಹೆಚ್ಚುವುದಿಲ್ಲ, ಗಂಟಲು ಮಾತ್ರ ದಣಿಯುತ್ತದೆ. ಪದಗಳ ನಡುವೆ ಸ್ವಲ್ಪ ಬಿಡುವು ಕೊಟ್ಟು, ವ್ಯಂಜನಗಳನ್ನು ಬಿಡಿಸಿ ಹೇಳುವುದೇ ಉಪಾಯ. ರಂಗದ ಧ್ವನಿ ಶಿಕ್ಷಕರು ಅನುಭವದಿಂದ ಹೇಳಿಕೊಡುವುದೂ ಇದನ್ನೇ.

ನನ್ನಂಥವರು ಮಾಡುವ ಇನ್ನೊಂದು ತಪ್ಪು ಕಪ್ಪುಹಲಗೆಯ ಕಡೆ ತಿರುಗಿ ಮಾತನಾಡುವುದು. 200 ಹರ್ಟ್ಸ್ ಶಬ್ದದ ತರಂಗದೂರ 1.7 ಮೀಟರ್. ಅದು ತಲೆಯನ್ನು ಸುತ್ತಿಕೊಂಡು ಹಿಂದಕ್ಕೂ ಹರಡುತ್ತದೆ. ವ್ಯಂಜನಗಳ ಗುರುತು ಹೆಚ್ಚಾಗಿ ಇರುವ 4000 ಹರ್ಟ್ಸ್‌ನಲ್ಲಿ ತರಂಗದೂರ 8.5 ಸೆಂಟಿಮೀಟರ್. ತಲೆಯ ಅಗಲಕ್ಕಿಂತ ಚಿಕ್ಕದಾದ ಈ ಅಲೆ ಹೆಚ್ಚಾಗಿ ಮುಂದಕ್ಕೇ ಹೋಗುತ್ತದೆ. ಹಲಗೆಯ ಕಡೆ ತಿರುಗಿದಾಗ ವಿದ್ಯಾರ್ಥಿಗಳಿಗೆ ಸ್ವರ ಕೇಳುತ್ತದೆ, ವ್ಯಂಜನ ಕೇಳುವುದಿಲ್ಲ. ಬರೆಯುವಾಗ ಬರೆಯಿರಿ, ತಿರುಗಿ ಮಾತನಾಡಿ.

ದನಿಯ ಆರೈಕೆ

ಶಿಕ್ಷಕರು, ವಕೀಲರು, ಹರಿಕಥೆಯವರು, ಬಸ್ ನಿರ್ವಾಹಕರು, ಮಾತಿನಿಂದಲೇ ಬದುಕುವ ಎಲ್ಲರಿಗೂ ಕೆಲವು ಸೂಚನೆಗಳು ಒಳ್ಳೆಯದು.

1. ದಿನದ ಮೊದಲ ತರಗತಿಗೆ ಮುನ್ನ ಐದು ನಿಮಿಷ ಬಾಯಿ ಮುಚ್ಚಿ ಮೆಲ್ಲಗೆ ಗುನುಗಿ. ಎಳನೀರು ಕುಡಿಯುವ ಸ್ಟ್ರಾ ಒಂದರೊಳಗೆ 'ಊ' ಎಂದು ದನಿ ಮಾಡುವುದು ಇನ್ನೂ ಉತ್ತಮ. ಕಿರಿದಾದ ದಾರಿಯಿಂದಾಗಿ ಬಾಯೊಳಗೆ ಹಿಮ್ಮುಖ ಒತ್ತಡ ಉಂಟಾಗಿ ಧ್ವನಿತಂತುಗಳು ಕಡಿಮೆ ರಭಸದಿಂದ ತಾಗುತ್ತವೆ. ಅಮೆರಿಕದ ಇಂಗೋ ಟಿಟ್ಜೆ ಇದರ ಭೌತವಿಜ್ಞಾನವನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ.

2. ಪಕ್ಕದಲ್ಲಿ ನೀರಿರಲಿ. ಒಣಗಿದ ಧ್ವನಿತಂತುಗಳನ್ನು ಕಂಪಿಸಲು ಹೆಚ್ಚು ಒತ್ತಡ ಬೇಕು.

3. ಗದ್ದಲದ ಮೇಲೆ ಮಾತನಾಡಬೇಡಿ. ಸುತ್ತ ಸದ್ದು ಹೆಚ್ಚಿದಾಗ ನಮಗೆ ಅರಿವಿಲ್ಲದೆ ದನಿ ಏರುತ್ತದೆ. ಫ್ರಾನ್ಸಿನ ವೈದ್ಯ ಲೊಂಬಾರ್ 1911ರಲ್ಲಿ ಗುರುತಿಸಿದ ಪರಿಣಾಮವಿದು. ಚಪ್ಪಾಳೆ ತಟ್ಟಿ, ಮೌನ ಬಂದ ಮೇಲೆ ಆರಂಭಿಸಿ. ಸದ್ದು ಮಾಡುವ ಫ್ಯಾನನ್ನು ರಿಪೇರಿ ಮಾಡಿಸುವುದು ಗಂಟಲಿಗೆ ಔಷಧಿ ಕೊಡಿಸುವುದಕ್ಕಿಂತ ಅಗ್ಗ.

4. ಗಂಟಲನ್ನು ಪದೇ ಪದೇ ಕೆರೆದು ಸರಿಮಾಡಿಕೊಳ್ಳುವ ಅಭ್ಯಾಸ ಬಿಡಿ. ಒಂದು ಗುಟುಕು ನೀರು ಅದೇ ಕೆಲಸ ಮಾಡುತ್ತದೆ.

5. ಮೂರು ವಾರ ಕಳೆದರೂ ದನಿ ಒಡಕಾಗಿಯೇ ಇದ್ದರೆ ಕಿವಿ, ಮೂಗು, ಗಂಟಲಿನ ವೈದ್ಯರನ್ನು ಕಾಣಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಧ್ವನಿಯ ತೊಂದರೆಗಳಿಗೆ ಪರೀಕ್ಷೆ ಮತ್ತು ಚಿಕಿತ್ಸೆ ಇದೆ.

ತಮ್ಮ ದನಿಯನ್ನು ತಾವೇ ಕಾಣಬಯಸುವವರಿಗೆ ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದವರು ರೂಪಿಸಿದ 'ಪ್ರಾಟ್' ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಆ, ಈ, ಊಗಳನ್ನು ಹೇಳಿ ಫಾರ್ಮೆಂಟ್‌ಗಳು ಪರದೆಯ ಮೇಲೆ ಸರಿಯುವುದನ್ನು ನೋಡಬಹುದು. ನಮ್ಮ ಪ್ರಯೋಗಾಲಯದಲ್ಲಿ ಈಗ ಪ್ರತಿ ವರ್ಷ ಅನುರಣನ ಕೊಳವೆಯ ಪ್ರಯೋಗ ಮುಗಿದ ಮೇಲೆ ವಿದ್ಯಾರ್ಥಿಗಳು 'ಮನೆ' ಎಂಬ ಒಂದೇ ಪದವನ್ನು ತಮ್ಮ ತಮ್ಮ ಊರಿನಲ್ಲಿ ಹೇಳುವ ಹಾಗೆ ಹೇಳಿ ಚಿತ್ರ ತೆಗೆಯುತ್ತಾರೆ. 'ಮನೆ', 'ಮನಿ' ಎರಡೂ ಪಕ್ಕಪಕ್ಕದಲ್ಲಿ ಮೂಡುತ್ತವೆ. ಯಾವುದು ಸರಿ ಎಂದು ಯಂತ್ರ ಹೇಳುವುದಿಲ್ಲ. ಮೊದಲು ನಾನು ನನ್ನದನ್ನು ಹೇಳಿ ತೋರಿಸುತ್ತೇನೆ. ಹಾಗೆ ಮಾಡಿದ ಮೇಲೆ ಹಿಂದಿನ ಬೆಂಚಿನಿಂದ ಬರುವ ನಗು ಬೇರೆ ಬಗೆಯದಾಗಿರುತ್ತದೆ, ಮಾತನಾಡಲು ಮುಂದೆ ಬರುವವರ ಸಂಖ್ಯೆಯೂ ಹೆಚ್ಚಿರುತ್ತದೆ.